ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್

ವಿದ್ಯೆಯಿಂದ ಕೀರ್ತಿಯು ಲಭಿಸುತ್ತದೆ. ಆದರೆ ಲಭಿಸಿದ ಕೀರ್ತಿಯನ್ನು ಕಾಪಾಡಿಕೊಳ್ಳಲು ವಿದ್ಯೆಯೊಂದೇ ಸಾಲದು, ಸಂಯಮವೂ ಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಪರಮೋಚ್ಚ ನ್ಯಾಯಾಲಯದ ಮೊದಲ ನ್ಯಾಯಮೂರ್ತಿಗಳಲ್ಲೊಬ್ಬನಾದ ಜೇಮ್ಸ್ ವಿಲ್ಸನ್ನನ ಜೀವನವು ಇದಕ್ಕೆ ನಿದರ್ಶನವಾಗಿದೆ.

ವಿಲ್ಸನ್ 1742ರಲ್ಲಿ ಸ್ಕಾಟ್ಲೆಂಡಿನ ಫೈಫ್ ಪ್ರಾಂತದ ರೈತ ಮನೆತನದಲ್ಲಿ ಜನಿಸಿದನು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1765ರಲ್ಲಿ ಕಡಲನ್ನು ದಾಟಿ ಅಮೆರಿಕವನ್ನು ಸೇರಿದನು. ಫಿಲಡೆಲ್ಫಿಯದ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದು, ಜಾನ್ ಡಿಕಿನ್‌ಸನ್ನನ ಬಳಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ವಕೀಲನಾದನು. ವಸಾಹತುಗಳ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿಗೆ ಶಾಸನಾಧಿಕಾರವಿಲ್ಲವೆಂದು ವಾದಿಸುವ ಪುಸ್ತಿಕೆಯೊಂದನ್ನು 1774ರಲ್ಲಿ ಪ್ರಕಟಿಸಿದನು. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಮಾಡಿದ ಆರು ಮಂದಿಯಲ್ಲಿ ಅವನೂ ಒಬ್ಬನು. ಸಂವಿಧಾನ ಸಭೆಯಲ್ಲಿ ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂದು ಪ್ರತಿಪಾದಿಸಿದನು. ಆದರೆ ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಸೂತ್ರವನ್ನು ಆ ಸಭೆಯಲ್ಲಿ ಮಂಡಿಸಿದವನೂ ಅವನೇ.

1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವನನ್ನು ನ್ಯಾಯಮೂರ್ತಿಯನ್ನಾಗಿ ನೇಮಿಸಿದನು. ಮರುವರ್ಷ ಅದೇ ಕಾಲೇಜಿನಲ್ಲಿ ವಿಲ್ಸನ್ ನ್ಯಾಯಶಾಸ್ತ್ರವನ್ನು ಕುರಿತ ಉಪನ್ಯಾಸಮಾಲೆಯನ್ನು ಆರಂಭಿಸಿದಾಗ, ಮೊದಲ ಉಪನ್ಯಾಸಕ್ಕೆ ಸ್ವತಃ ವಾಷಿಂಗ್ಟನ್ ಆಗಮಿಸಿದ್ದನು.

ಅವನ ಹೆಸರನ್ನು ಚಿರಸ್ಥಾಯಿಗೊಳಿಸಿದುದು 1793ರ ಚಿಸಮ್ ಮೊಕದ್ದಮೆ. ಯುದ್ಧಕಾಲದಲ್ಲಿ ಜಾರ್ಜಿಯ ರಾಜ್ಯವು ವರ್ತಕನೊಬ್ಬನಿಂದ ಸರಕನ್ನು ಪಡೆದು ಹಣವನ್ನು ತೆರಲಿಲ್ಲ. ವರ್ತಕನು ತೀರಿಕೊಂಡ ಮೇಲೆ ಅವನ ಆಸ್ತಿಯ ನಿರ್ವಾಹಕನಾದ ಚಿಸಮ್ ದಾವೆ ಹೂಡಿದನು. ಸಾಮಾನ್ಯ ಪ್ರಜೆಯು ರಾಜ್ಯವನ್ನು ನ್ಯಾಯಾಲಯಕ್ಕೆ ಎಳೆಯಬಹುದೇ? ಪರಮಾಧಿಕಾರವು ಜನರದೇ ಹೊರತು ರಾಜ್ಯದ್ದಲ್ಲ. ಪ್ರಾಮಾಣಿಕನಾದ ಮನುಷ್ಯನಂತೆ ರಾಜ್ಯವೂ ತನ್ನ ಒಪ್ಪಂದಕ್ಕೆ ಉತ್ತರಕೊಡಬೇಕು ಎಂಬುದು ವಿಲ್ಸನ್ನನ ನಿರ್ಣಯ. ನಾಲ್ವರು ನ್ಯಾಯಮೂರ್ತಿಗಳು ಈ ಪಕ್ಷದಲ್ಲಿದ್ದರೆ, ಜೇಮ್ಸ್ ಐರ್‌ಡೆಲ್ ಒಬ್ಬನೇ ಭಿನ್ನಮತ ತಳೆದನು. ರಾಜ್ಯಗಳು ಕೆರಳಿದವು, 1795ರಲ್ಲಿ ಅಂಗೀಕೃತವಾದ ಹನ್ನೊಂದನೆಯ ತಿದ್ದುಪಡಿಯು ಆ ತೀರ್ಪನ್ನು ನಿರರ್ಥಕಗೊಳಿಸಿತು.

ರಾಜ್ಯದ ಋಣದ ವಿಷಯದಲ್ಲಿ ಇಷ್ಟು ನಿಷ್ಠುರನಾಗಿದ್ದವನು ತನ್ನ ಋಣದ ವಿಷಯದಲ್ಲಿ ವಿವೇಕವನ್ನು ಮರೆತನು. ಬೆಲೆ ಏರುವುದೆಂಬ ಆಸೆಯಿಂದ ಸಾಲವೆತ್ತಿ, ಪಶ್ಚಿಮದ ವಿಶಾಲವಾದ ಭೂಮಿಗಳನ್ನು ಕೊಳ್ಳುತ್ತ ಹೋದನು. 1796-97ರ ಆರ್ಥಿಕ ಕುಸಿತದಲ್ಲಿ ಆ ಸೌಧವೆಲ್ಲ ಕುಸಿಯಿತು. ನ್ಯಾಯಮೂರ್ತಿಯಾಗಿರುವಾಗಲೇ ಅವನು ಸಾಲಕ್ಕಾಗಿ ನ್ಯೂಜೆರ್ಸಿಯ ಬರ್ಲಿಂಗ್ಟನ್ನಿನಲ್ಲಿ ಸೆರೆಮನೆಯನ್ನು ಕಂಡನು. ಬಿಡುಗಡೆಯಾದ ಬಳಿಕ ದಕ್ಷಿಣಕ್ಕೆ ಸರಿದರೆ, ಅಲ್ಲಿಯೂ ಸೆರೆ ತಪ್ಪಲಿಲ್ಲ. ಈ ಬಾರಿ ಸೆರೆಗೆ ಕಾರಣನಾದ ಸಾಲಗಾರ ಪಿಯರ್ಸ್ ಬಟ್ಲರ್. ಇವನೂ ಸಂವಿಧಾನಕ್ಕೆ ಸಹಿ ಮಾಡಿದವನೇ.

ಕೊನೆಗೆ ವಿಲ್ಸನ್ನನು ಆಶ್ರಯ ಪಡೆದುದು ಉತ್ತರ ಕೆರೊಲಿನದ ಈಡನ್‌ಟನ್ನಿನಲ್ಲಿ, ಅಂದರೆ ಚಿಸಮ್ ಮೊಕದ್ದಮೆಯಲ್ಲಿ ಭಿನ್ನಮತ ತಳೆದಿದ್ದ ಐರ್‌ಡೆಲ್ಲನ ಊರಿನಲ್ಲಿ. ಅಲ್ಲಿಯೇ 1798ರ ಆಗಸ್ಟ್ 21ರಂದು, ರೋಗಪೀಡಿತನಾಗಿ, ತನ್ನ 55ನೆಯ ವಯಸ್ಸಿನಲ್ಲಿ ನಿಧನನಾದನು.

ಮಗನಾದ ಬರ್ಡ್ ವಿಲ್ಸನ್ 1804ರಲ್ಲಿ ತಂದೆಯ ಉಪನ್ಯಾಸಗಳನ್ನು ಗ್ರಂಥರೂಪಕ್ಕೆ ತಂದನು. 1906ರಲ್ಲಿ ಅವನ ಅಸ್ಥಿಗಳನ್ನು ಫಿಲಡೆಲ್ಫಿಯಕ್ಕೆ ತಂದು ಗೌರವದಿಂದ ಸಮಾಧಿಮಾಡಲಾಯಿತು. ಅವನು ಆಸೆಪಟ್ಟು ಕೊಂಡ ನೆಲವು ಅವನ ಕೈಯಲ್ಲಿ ಉಳಿಯಲಿಲ್ಲ. ವಿದ್ಯಾರ್ಥಿಗಳ ಮುಂದೆ ನಿಂತು ಹೇಳಿದ ಪಾಠವು ಉಳಿಯಿತು.