ಎಸ್ಟಿಮೇಟಿನಲ್ಲಿ ಇಲ್ಲದ ಎರಡು ಸಾಲು

ಯೋಜನೆಯೊಂದರ ಲಾಭ–ವೆಚ್ಚದ ಅನುಪಾತ ಕಂಡುಹಿಡಿಯುವುದು ನಮ್ಮ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಹತ್ತು ನಿಮಿಷದ ಲೆಕ್ಕ. ಲಾಭವನ್ನು ವೆಚ್ಚದಿಂದ ಭಾಗಿಸಿದಾಗ ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ ಯೋಜನೆ ಪಾಸು. ಆದರೆ ಆ ಎರಡು ಅಂಕಿಗಳೊಳಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಸೂತ್ರ ಹೇಳುವುದಿಲ್ಲ. ಇದನ್ನು ಅರಿಯಲು ಲಂಡನ್ ನಗರದ ಒಳಚರಂಡಿ ಕಟ್ಟಿದ ಜೋಸೆಫ್ ಬ್ಯಾಜಲ್ಜೆಟ್ ಅವರ ಬದುಕನ್ನು ನೋಡಬೇಕು.

ಬ್ಯಾಜಲ್ಜೆಟ್ ಹುಟ್ಟಿದ್ದು 1819ರಲ್ಲಿ, ಲಂಡನ್ ಸಮೀಪದ ಎನ್‌ಫೀಲ್ಡ್‌ನಲ್ಲಿ. ಅವರ ತಾತ ಫ್ರಾನ್ಸ್‌ನಿಂದ ವಲಸೆ ಬಂದವರು. ರೈಲು ಮಾರ್ಗಗಳ ಭರಾಟೆಯ ಕಾಲದಲ್ಲಿ ಹಗಲಿರುಳು ದುಡಿದು, 28ನೇ ವಯಸ್ಸಿಗೇ ಅವರ ಆರೋಗ್ಯ ಕುಸಿಯಿತು. ಚೇತರಿಸಿಕೊಂಡು 1849ರಲ್ಲಿ ಲಂಡನ್ನಿನ ಚರಂಡಿ ಆಯೋಗದಲ್ಲಿ ಕೆಲಸಕ್ಕೆ ಸೇರಿದರು. 1856ರಲ್ಲಿ ಹೊಸದಾಗಿ ರಚನೆಯಾದ ಮಹಾನಗರ ಕಾಮಗಾರಿ ಮಂಡಳಿಗೆ ಮುಖ್ಯ ಎಂಜಿನಿಯರ್ ಆದರು.

ಆಗ ಲಂಡನ್ ಜಗತ್ತಿನ ಅತಿ ದೊಡ್ಡ ನಗರ. ಮನೆ ಮನೆಗೆ ಫ್ಲಶ್ ಶೌಚಾಲಯ ಬರುತ್ತಿತ್ತು. ಹೊಲಸೆಲ್ಲ ಥೇಮ್ಸ್ ನದಿ ಸೇರುತ್ತಿತ್ತು, ಕುಡಿಯುವ ನೀರೂ ಬಹುಪಾಲು ಅದೇ ನದಿಯಿಂದ ಬರುತ್ತಿತ್ತು. 1848–49ರ ಕಾಲರಾ ಒಂದೇ 14 ಸಾವಿರಕ್ಕೂ ಹೆಚ್ಚು ಲಂಡನ್ನಿಗರನ್ನು ಬಲಿ ತೆಗೆದುಕೊಂಡಿತ್ತು.

ಬ್ಯಾಜಲ್ಜೆಟ್ ಅವರ ಯೋಜನೆ ಸರಳವಾಗಿತ್ತು. ನದಿಗೆ ಇಳಿಯುವ ಚರಂಡಿಗಳನ್ನು ಅಡ್ಡಲಾಗಿ ತಡೆದು, ನದಿಗೆ ಸಮಾನಾಂತರವಾಗಿ ದೊಡ್ಡ ಕಾಲುವೆಗಳನ್ನು ಕಟ್ಟುವುದು. ಇಳಿಜಾರಿನಲ್ಲೇ ಕೊಳಚೆಯನ್ನು ಪೂರ್ವಕ್ಕೆ ಹರಿಸಿ, ಬೇಕಾದಲ್ಲಿ ಪಂಪ್ ಮಾಡಿ ಊರಾಚೆ ಸಾಗಿಸುವುದು. ಸಮುದ್ರದ ಇಳಿತದ ಹೊತ್ತಿಗೆ ನದಿಗೆ ಬಿಡುವುದು. ಜಗಳ ಹುಟ್ಟಿದ್ದು ಕೊಳಚೆಯನ್ನು ಎಲ್ಲಿ ಬಿಡಬೇಕು ಎಂಬುದರ ಮೇಲೆ. ಸರ್ಕಾರ ನೇಮಿಸಿದ ತಜ್ಞರು ಸಮುದ್ರದ ಹತ್ತಿರಕ್ಕೆ ಒಯ್ಯಬೇಕೆಂದರು. ಅದಕ್ಕೆ ಖರ್ಚು ಬಹಳ. ಹೀಗೆ ವರ್ಷಗಳು ಕಳೆದವು.

1858ರ ಬೇಸಿಗೆಯಲ್ಲಿ ಬಿಸಿಲಿಗೆ ನದಿ ಎಷ್ಟು ನಾರಿತೆಂದರೆ, ದಂಡೆಯಲ್ಲೇ ಇದ್ದ ಸಂಸತ್ತಿನ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಬೇಕಾಯಿತು. ಬಡವರ ಕೇರಿಗಳಲ್ಲಿ ಎಷ್ಟೋ ವರ್ಷಗಳಿಂದ ಇದ್ದ ನಾತ ಶಾಸಕರ ಮೂಗಿಗೆ ಬಡಿದ ಮೇಲೆ ಕಾಯ್ದೆ ಕೆಲವೇ ವಾರಗಳಲ್ಲಿ ಪಾಸಾಯಿತು. ಹೊರಬಿಡುವ ಜಾಗ ಕಡಿಮೆ ಖರ್ಚಿನದ್ದೇ ಆಯಿತು: ಉತ್ತರ ದಂಡೆಯಲ್ಲಿ ಬಾರ್ಕಿಂಗ್ ಬಳಿ, ದಕ್ಷಿಣದಲ್ಲಿ ಕ್ರಾಸ್‌ನೆಸ್. ಸುಮಾರು 82 ಮೈಲಿ ಮುಖ್ಯ ಕಾಲುವೆ, 31 ಕೋಟಿಗೂ ಹೆಚ್ಚು ಇಟ್ಟಿಗೆ, ಆಗಿನ್ನೂ ಹೊಸದಾಗಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟ್. ಸಿಮೆಂಟಿನ ಗುಣಮಟ್ಟದ ಪರೀಕ್ಷೆಯಲ್ಲಿ ಬ್ಯಾಜಲ್ಜೆಟ್ ರಾಜಿಯಾಗಲಿಲ್ಲ.

ಈ ಯೋಜನೆಯ ಅತಿ ದೊಡ್ಡ ಲಾಭ ಎಸ್ಟಿಮೇಟಿನಲ್ಲೇ ಇರಲಿಲ್ಲ ಎಂಬುದು ನನಗೆ ಅಚ್ಚರಿ ತಂದ ಸಂಗತಿ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ಆಗ ಹೆಚ್ಚಿನವರು ನಂಬಿದ್ದರು. ನೀರಿನಿಂದ ಬರುತ್ತದೆ ಎಂದ ವೈದ್ಯ ಜಾನ್ ಸ್ನೋ ಅವರ ಮಾತಿಗೆ ಇನ್ನೂ ಮನ್ನಣೆ ಸಿಕ್ಕಿರಲಿಲ್ಲ. ನಾತ ಹೋಗಲಿ ಎಂದು ಕಟ್ಟಿದ ಕಾಲುವೆ ನೀರನ್ನು ಉಳಿಸಿತು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚು ಜನ ಸತ್ತದ್ದು ಕಾಲುವೆಯ ಕೆಲಸ ಮುಗಿಯದೇ ಇದ್ದ, ಬಡವರೇ ತುಂಬಿದ್ದ ಪೂರ್ವ ಲಂಡನ್ನಿನಲ್ಲಿ. ಆಮೇಲೆ ಆ ನಗರ ಅಂಥ ಕಾಲರಾ ಪಿಡುಗನ್ನು ಕಾಣಲಿಲ್ಲ.

ಅತಿ ದೊಡ್ಡ ವೆಚ್ಚವೂ ಎಸ್ಟಿಮೇಟಿನಲ್ಲಿ ಇರಲಿಲ್ಲ. ನದಿ ದಂಡೆಯಲ್ಲಿ ಕಟ್ಟೆ ಕಟ್ಟುವಾಗ ಜಾಗ ಕಳೆದುಕೊಂಡ ಮಾಲೀಕರಿಗೆ ಪರಿಹಾರ ಸಿಕ್ಕಿತು, ಏಕೆಂದರೆ ಅವರ ಬಳಿ ಹಕ್ಕುಪತ್ರವಿತ್ತು. ಇಡೀ ನಗರದ ಹೊಲಸು ತಮ್ಮೂರ ಮುಂದೆ ಸುರಿಯುತ್ತಿದೆ ಎಂದು ದೂರಿದ ಬಾರ್ಕಿಂಗ್ ಜನರಿಗೆ ತನಿಖೆಯಲ್ಲಿ ನ್ಯಾಯ ಸಿಗಲಿಲ್ಲ. 1878ರ ಸೆಪ್ಟೆಂಬರ್ 3ರ ಸಂಜೆ, ಪ್ರವಾಸ ಮುಗಿಸಿ ಮರಳುತ್ತಿದ್ದ ಪ್ರಿನ್ಸೆಸ್ ಆಲಿಸ್ ಹಡಗು ಅದೇ ಹರವಿನಲ್ಲಿ ಕಲ್ಲಿದ್ದಲು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸುಮಾರು ಒಂದು ಗಂಟೆ ಮುಂಚೆಯಷ್ಟೇ ಕೊಳಚೆಯನ್ನು ನದಿಗೆ ಬಿಡಲಾಗಿತ್ತು. 600ಕ್ಕೂ ಹೆಚ್ಚು ಮಂದಿ ಸತ್ತರು. ನೀರಿನ ವಿಷವೂ ಕೆಲವರನ್ನು ಕೊಂದಿತೆಂಬ ಗುಮಾನಿ ಆಗಲೇ ಎದ್ದಿತು. ಮುಂದೆ ಸರ್ಕಾರ ರಾಯಲ್ ಆಯೋಗ ನೇಮಿಸಿತು. ಗಟ್ಟಿ ಹೊಲಸನ್ನು ಬೇರ್ಪಡಿಸುವ ವ್ಯವಸ್ಥೆ ಬಂತು. 1887ರಿಂದ ಅದನ್ನು ಹಡಗಿನಲ್ಲಿ ಸಮುದ್ರಕ್ಕೆ ಒಯ್ದು ಸುರಿಯತೊಡಗಿದರು. ಹೊರೆ ಮಾಯವಾಗಲಿಲ್ಲ, ಜಾಗ ಬದಲಿಸಿತು. ಆ ಸುರಿಯುವಿಕೆ ನಿಂತದ್ದು 1998ರಲ್ಲಿ.

ಹಾಗಾದರೆ ಬ್ಯಾಜಲ್ಜೆಟ್ ಕಟ್ಟಬಾರದಿತ್ತೇ? ಖಂಡಿತ ಕಟ್ಟಬೇಕಿತ್ತು. ಉಳಿದ ಜೀವಗಳ ಮುಂದೆ ಇಟ್ಟಿಗೆ ಸಿಮೆಂಟಿನ ಖರ್ಚು ಏನೇನೂ ಅಲ್ಲ. 1891ರಲ್ಲಿ ತೀರಿಕೊಂಡ ಅವರ ಕಾಲುವೆಗಳು ಇಂದಿಗೂ ಕೆಲಸ ಮಾಡುತ್ತಿವೆ. ಆದರೆ ಲಾಭ ಒಬ್ಬರಿಗೆ, ವೆಚ್ಚ ಇನ್ನೊಬ್ಬರಿಗೆ ಆದಾಗ ಎರಡನ್ನೂ ಕೂಡಿಸಿ ಭಾಗಿಸಿದರೆ ಉತ್ತರ ಸರಿ ಬರುತ್ತದೆ, ನ್ಯಾಯ ಬರುವುದಿಲ್ಲ. ಕೊಳಚೆಯನ್ನು ಇನ್ನಷ್ಟು ದೂರ ಒಯ್ಯುವ ಖರ್ಚು ಹೆಚ್ಚೆಂದು ತೀರ್ಮಾನಿಸಿದ ದಿನ, ಉಳಿಸಿದ ಹಣವನ್ನು ಬಾರ್ಕಿಂಗ್ ಜನರ ಹೆಸರಿಗೆ ಯಾರೂ ಸಾಲವೆಂದು ಬರೆದುಕೊಳ್ಳಲಿಲ್ಲ.

ಈ ಪ್ರಶ್ನೆ ನಮಗೂ ದೂರದ್ದಲ್ಲ. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರಿನಲ್ಲೇ ಬೆಳೆ ತೆಗೆಯುವ ರೈತರಿದ್ದಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಲ್ಲಿ ಕೆರೆ ತುಂಬಿದ ಸಂತೋಷವೂ ಇದೆ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯವೂ ಇದೆ. ಎರಡೂ ನಿಜ, ಎರಡೂ ಲೆಕ್ಕಕ್ಕೆ ಬರಬೇಕು.

ಇನ್ನು ಕೆಲವು ವರ್ಷಗಳಲ್ಲಿ ನಮ್ಮ ಬ್ಯಾಚಿನವರೇ ಇಂಥ ಎಸ್ಟಿಮೇಟುಗಳನ್ನು ತಯಾರಿಸಲಿದ್ದೇವೆ. ಒಟ್ಟು ಲಾಭ, ಒಟ್ಟು ವೆಚ್ಚ ಎಂಬ ಎರಡು ಕಲಂಗಳ ಪಕ್ಕದಲ್ಲಿ ಯಾರಿಗೆ ಎಂಬ ಮೂರನೆಯದೊಂದನ್ನು ಎಳೆಯುವುದು ಕಷ್ಟವೇನಲ್ಲ. ಅದನ್ನು ತುಂಬಲು ಮಾತ್ರ ಕಚೇರಿಯಿಂದೆದ್ದು ನದಿಯ ಕೆಳದಂಡೆಯ ಊರುಗಳಿಗೆ ಹೋಗಿ ಬರಬೇಕಾಗುತ್ತದೆ.