ವಿದ್ಯಾರ್ಥಿವೇತನದಿಂದ ವಿದ್ಯಾಲಯದವರೆಗೆ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನಪಥ

ಪ್ರತಿವರ್ಷ ಸೆಪ್ಟೆಂಬರ್ 15ರಂದು ಗಡಿಭಾಗದ ನಮ್ಮ ಕನ್ನಡ ಶಾಲೆಗಳಲ್ಲಿಯೂ ಪೇಟ ಧರಿಸಿದ, ಗಂಭೀರ ಮುಖಮುದ್ರೆಯ ಆ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಮಕ್ಕಳು ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಭಾರತರತ್ನ ಎಂದು ಕಂಠಪಾಠ ಮಾಡಿದ ಭಾಷಣವನ್ನು ಒಪ್ಪಿಸುತ್ತಾರೆ. ಅಕ್ಕಲಕೋಟ ಸೀಮೆಯಲ್ಲಿ ಬಹುಕಾಲದಿಂದ ಪಾಠ ಹೇಳುತ್ತಿರುವ ನಾನೂ ಅಂಥ ಎಷ್ಟೋ ಭಾಷಣಗಳನ್ನು ಬರೆದುಕೊಟ್ಟಿದ್ದೇನೆ. ಆದರೆ ಆ ಭಾಷಣಗಳಲ್ಲಿ ಒಂದು ಸಂಗತಿ ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತಿತ್ತು. ತಂದೆಯಿಲ್ಲದ ಒಬ್ಬ ಯುವಕ ತನ್ನೂರಿನಲ್ಲಿ ಸಿಗದ ವೃತ್ತಿಶಿಕ್ಷಣವನ್ನು ಅರಸಿ, ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋದ ಎಂಬುದೇ ಆ ಸಂಗತಿ. ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ನಿಂತಿರುವ ಮಕ್ಕಳ ಮನೆಗಳಲ್ಲಿ ವಿಸ್ತಾರವಾಗಿ ಹೇಳಬೇಕಾದ ಕಥೆ ಅದು.

ಮುದ್ದೇನಹಳ್ಳಿಯ ಹುಡುಗ

ವಿಶ್ವೇಶ್ವರಯ್ಯನವರ ಪೂರ್ವಿಕರ ಊರು ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದಲ್ಲಿದೆ. ಹಿರಿಯರು ಅಲ್ಲಿಂದ ಮೈಸೂರು ಸೀಮೆಗೆ ಬಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ನೆಲೆಸಿದರು. ಊರಿನ ಹೆಸರು ಮನೆತನದ ಹೆಸರಾಗಿ ಉಳಿಯಿತು. ಒಂದು ನೆಲದ ನೆನಪನ್ನು ಹೆಸರಿನಲ್ಲಿಟ್ಟುಕೊಂಡು ಇನ್ನೊಂದು ನೆಲದಲ್ಲಿ ಬಾಳುವುದು ಗಡಿಯವರಾದ ನಮಗೆ ಹೊಸದೇನಲ್ಲ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣವಿರಲಿಲ್ಲ. ಹುಡುಗ ಇನ್ನೂ ಶಾಲೆಯ ವಯಸ್ಸಿನಲ್ಲಿದ್ದಾಗಲೇ ತಂದೆ ತೀರಿಕೊಂಡರು. ಓದು ನಿಲ್ಲಲು ಇಷ್ಟೇ ಕಾರಣ ಸಾಕಾಗಿತ್ತು. ನಿಲ್ಲದಂತೆ ನೋಡಿಕೊಂಡವರು ತಾಯಿ, ಮತ್ತು ಬೆಂಗಳೂರಿನಲ್ಲಿದ್ದ ಸೋದರಮಾವ ಎಚ್. ರಾಮಯ್ಯನವರು. ಚಿಕ್ಕಬಳ್ಳಾಪುರದ ಶಾಲೆಯಿಂದ ಹುಡುಗ ಬೆಂಗಳೂರಿಗೆ ಬಂದ. ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ, ಆನಂತರ ಸೆಂಟ್ರಲ್ ಕಾಲೇಜಿನಲ್ಲಿ ಓದಿದ. ಖರ್ಚಿಗಾಗಿ ಕೊಡಗಿನ ಮೂಲದ ಸರ್ಕಾರಿ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಪಾಠ ಹೇಳುವುದು ಒಂದು ಮನೆಯಲ್ಲಿ, ಊಟ ಸೋದರಮಾವನ ಮನೆಯಲ್ಲಿ, ಇವೆರಡರ ನಡುವೆ ಕಾಲ್ನಡಿಗೆ.

ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ವಿದ್ಯಾರ್ಥಿಯ ಗಣಿತದ ಚುರುಕನ್ನು ಗುರುತಿಸಿ ಪ್ರೋತ್ಸಾಹಿಸಿದರು. ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಕಾಲೇಜಿನಿಂದ 1881ರಲ್ಲಿ ವಿಶ್ವೇಶ್ವರಯ್ಯನವರು ಬಿ.ಎ. ಪದವಿ ಪಡೆದರು.

ಕವಲುದಾರಿಯಲ್ಲಿ ಒದಗಿದ ನೆರವು

ಅಂದು ಬಿ.ಎ. ಆದವನಿಗೆ ಗುಮಾಸ್ತೆಯ ಕೆಲಸವೋ ಉಪಾಧ್ಯಾಯ ವೃತ್ತಿಯೋ ಸುಲಭವಾಗಿ ದೊರೆಯುತ್ತಿತ್ತು. ಮನೆಯ ಸ್ಥಿತಿಯೂ ಕೂಡಲೇ ಸಂಬಳ ಬಯಸುವಂಥದ್ದೇ. ಅವರ ಒಲವು ಎಂಜಿನಿಯರಿಂಗ್ ಕಡೆಗಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಆಗ ಒಂದೂ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಮುಂಬಯಿ ಪ್ರಾಂತ್ಯದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಬೇಕಾಗಿತ್ತು. ದೂರದ ಊರು, ಬೇರೆ ಭಾಷೆ, ಬೇರೆ ಸರ್ಕಾರ. ಅಲ್ಲಿನ ವಾಸ್ತವ್ಯ, ಶುಲ್ಕ, ಪುಸ್ತಕ, ಉಪಕರಣಗಳ ವೆಚ್ಚ ಪಾಠ ಹೇಳಿ ಸಂಪಾದಿಸಿದ ಹಣಕ್ಕೆ ನಿಲುಕುವಂಥದ್ದಲ್ಲ.

ರಂಗಾಚಾರ್ಲು ಅವರು ಮೈಸೂರಿನ ದಿವಾನರಾಗಿದ್ದ ಕಾಲ ಅದು. ಸಂಸ್ಥಾನದ ಸರ್ಕಾರ ಈ ಯುವಕನಿಗೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ವಿದ್ಯಾರ್ಥಿವೇತನ ಮಂಜೂರು ಮಾಡಿತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಅವರು ಮೊದಲ ಸ್ಥಾನ ಗಳಿಸಿ ಜೇಮ್ಸ್ ಬರ್ಕ್ಲಿ ಪಾರಿತೋಷಕ ಪಡೆದರು. ಆ ಫಲಿತಾಂಶದ ಬಲದಿಂದಲೇ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಅವರನ್ನು ಸಹಾಯಕ ಎಂಜಿನಿಯರ್ ಆಗಿ ನೇಮಿಸಿತು. ಸೋದರಮಾವನ ಮನೆಗೂ ಪಾಠದ ಮನೆಗೂ ನಡೆದಾಡುತ್ತಿದ್ದ ಹುಡುಗ ಮೂರು ವರ್ಷಗಳೊಳಗೆ ನಾಶಿಕದಲ್ಲಿ ಅಧಿಕಾರಿಯಾಗಿದ್ದ.

ಇಲ್ಲಿ ಪಾಲಕರು ಒಂದು ಕ್ಷಣ ನಿಲ್ಲಬೇಕು. ಬುದ್ಧಿ, ಶ್ರಮ, ಶಿಸ್ತು ಅವರಲ್ಲಿ ಮೊದಲೇ ಇದ್ದವು. ಅವನ್ನು ಯಾವ ಸರ್ಕಾರವೂ ಕೊಟ್ಟಿದ್ದಲ್ಲ. ಓದು ಮುಗಿದು ಸಂಬಳ ಕೈಗೆ ಬರುವವರೆಗಿನ ಎರಡು ಮೂರು ವರ್ಷಗಳ ಹೊರೆಯನ್ನು ವಿದ್ಯಾರ್ಥಿವೇತನ ಹೊತ್ತುಕೊಂಡಿತು. ಬಡಮನೆಯ ಮಕ್ಕಳು ಕೈಬಿಟ್ಟುಹೋಗುವುದು ಸರಿಯಾಗಿ ಆ ಎರಡು ಮೂರು ವರ್ಷಗಳಲ್ಲಿಯೇ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿ ಗಣಿತದಲ್ಲಿ ಬಹಳ ಮುಂದಿದ್ದಳು. ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ವಿಭಾಗದ ಡಿಪ್ಲೊಮಾ ಮಾಡಬೇಕೆಂಬುದು ಅವಳ ಆಸೆ. ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯದ ದಾಖಲೆ ಒಂದು ಕಚೇರಿಯಿಂದ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿತ್ತು. ಕನ್ನಡವಷ್ಟೇ ಓದಬಲ್ಲ ಅವಳ ತಂದೆ ಆ ನಮೂನೆಯನ್ನು ಕೈಯಲ್ಲಿ ಹಿಡಿದು ನನ್ನೆದುರು ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷ ನೋಡೋಣ ಎಂದೆ. ಮರುವರ್ಷದೊಳಗೆ ಅವಳ ಮದುವೆಯಾಯಿತು. ದಿನಾಂಕವನ್ನು ತಿಂಗಳ ಮೊದಲೇ ಕೇಳಿ ತಿಳಿದುಕೊಳ್ಳದ ತಪ್ಪು ನನ್ನದೂ ಹೌದು.

ಕೊಟ್ಟ ಹಣಕ್ಕೆ ಬಂದ ಫಲ

ಮೈಸೂರು ಕೊಟ್ಟ ವಿದ್ಯಾರ್ಥಿವೇತನದ ಮೊದಲ ಫಲ ಉಂಡದ್ದು ಮೈಸೂರಲ್ಲ, ಇಂದಿನ ಮಹಾರಾಷ್ಟ್ರ. ಖಾನದೇಶದಲ್ಲಿ ನದಿಯನ್ನು ದಾಟಿಸಿ ನೀರಿನ ಕೊಳವೆ ಹಾಕುವ ಕೆಲಸ ತರುಣ ಎಂಜಿನಿಯರ್‌ಗೆ ಬಂತು. ಮಳೆಗಾಲ ಕಳೆಯಲಿ ಎಂದು ಅವರು ಕೇಳಿಕೊಂಡರೂ ಮೇಲಧಿಕಾರಿ ಒಪ್ಪಲಿಲ್ಲ. ಪ್ರವಾಹದ ನಡುವೆಯೇ ಅದನ್ನು ಮುಗಿಸಿಕೊಟ್ಟರು. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರಿನ ಯೋಜನೆ ರೂಪಿಸಿದರು. ಪುಣೆಯ ಕಾಲುವೆಗಳ ಪ್ರದೇಶದಲ್ಲಿ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿ ತಂದರು. ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರದೇ ಶೋಧ. ನೀರು ನಿಗದಿತ ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ, ಅಣೆಕಟ್ಟೆಯ ಎತ್ತರ ಹೆಚ್ಚಿಸದೆಯೇ ಹೆಚ್ಚು ನೀರು ಸಂಗ್ರಹಿಸಲು ಸಾಧ್ಯವಾಯಿತು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತರು. ಮುಂಬಯಿ ಸೇವೆಯಿಂದ ಆಗಷ್ಟೇ ಬಿಡುಗಡೆ ಹೊಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂಬ ಅವರ ಸಲಹೆಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಿಗೆ ಮೂಲ. ತೆಲಂಗಾಣದ ಕನ್ನಡಿಗರು ಈ ಕೆರೆಗಳ ಹೆಸರನ್ನು ಬಲ್ಲರು.

ಏಣಿ ಕಟ್ಟಿದ ದಿವಾನರು

1909ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ಎಂಜಿನಿಯರ್ ಆಗಲು ಕರೆಯಿತು. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣವನ್ನು ಬೆಳೆಸಲು ಅವಕಾಶವಿದೆಯೇ ಎಂದು ಕೇಳಿ, ಭರವಸೆ ಪಡೆದ ಮೇಲೆಯೇ ಅವರು ಒಪ್ಪಿಕೊಂಡರು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. 1912ರ ನವೆಂಬರಿನಲ್ಲಿ ಅವರು ದಿವಾನರಾದರು. ಆಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. ಅವರ ಆರು ವರ್ಷಗಳ ಅವಧಿಯಲ್ಲಿ ಸುಮಾರು 6,500 ಹೊಸ ಶಾಲೆಗಳು ಸೇರಿದವು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ಬಂದವು. ಯಾವ ವಿದ್ಯೆಗಾಗಿ ತಾವು ಪುಣೆಗೆ ಹೋಗಬೇಕಾಯಿತೋ ಅದು ಮುಂದಿನವರಿಗೆ ಮನೆಯ ಹತ್ತಿರವೇ ಸಿಗುವಂತಾಯಿತು.

ಅವರ ಬದುಕಿನಲ್ಲಿ ಚರ್ಚೆಗೊಳಗಾದ ಒಂದು ಘಟ್ಟವೂ ಉಂಟು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪ್ರಾತಿನಿಧ್ಯ ಕೊಡುವ ಕುರಿತು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಮಾನದಂಡವಾಗಬೇಕೆಂಬ ನಿಲುವಿನಿಂದ ಅದೇ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ನನಗೆ ಈ ವಿಷಯದಲ್ಲಿ ಮಹಾರಾಜರ ನಿರ್ಧಾರವೇ ಸರಿಯೆನಿಸುತ್ತದೆ. ಸೋದರಮಾವನ ಮನೆ, ಅರ್ಹತೆಯನ್ನು ಗುರುತಿಸುವ ಪ್ರಾಂಶುಪಾಲರು, ಮಂಜೂರು ಮಾಡುವ ದಿವಾನರು ಎಲ್ಲ ಸಮುದಾಯಗಳ ಮಕ್ಕಳಿಗೂ ಅಂದು ದೊರೆಯುತ್ತಿರಲಿಲ್ಲ. ನೆರವಿನ ಮಹತ್ವವನ್ನು ಅವರ ಜೀವನವೇ ಸಾರುತ್ತದೆ. ಆ ನೆರವು ಇನ್ನೂ ಹೆಚ್ಚು ಮಂದಿಗೆ ತಲುಪಬೇಕೆಂಬ ಪಾಠವನ್ನೂ ನಾವು ಅದರಿಂದಲೇ ಕಲಿಯಬಹುದು.

ಮರಳಿ ಕೊಟ್ಟದ್ದು

1923ರಿಂದ ಕೆಲವು ವರ್ಷ ಅವರು ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ವಹಿಸಿ ಅದನ್ನು ಮೇಲೆತ್ತಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ, ಯುವಜನರಿಗೆ ಕಸುಬು ಕಲಿಸುವ ಒಂದು ಸಂಸ್ಥೆಗೆ ವಿನಿಯೋಗಿಸುವಂತೆ ಮಾಡಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆರಂಭವಾಯಿತು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ವಿದ್ಯಾರ್ಥಿವೇತನ ಪಡೆದು ಆಗಲೇ ಅರುವತ್ತು ವರ್ಷ ಕಳೆದಿತ್ತು. ಅವರ ವಯಸ್ಸು ಎಂಬತ್ತು ದಾಟಿತ್ತು.

ಆ ಸಂಸ್ಥೆಯ ಮೊದಲ ವರ್ಷಗಳಲ್ಲಿ ಸಿನಿಮಾ ಛಾಯಾಗ್ರಹಣ ಕಲಿತವರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು. ಮುಂಬಯಿಗೆ ಹೋದ ಅವರು ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ ಕಾಗಜ್ ಕೆ ಫೂಲ್, ಅವರ ಕ್ಯಾಮೆರಾದಲ್ಲಿ ಮೂಡಿದ್ದು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಕರಾಚಿಯಲ್ಲಿ ಹುಟ್ಟಿದ ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಛಾಯಾಗ್ರಹಣ ಕಲಿತದ್ದು ಅಲ್ಲಿಯೇ. ಮೈಸೂರು ಸರ್ಕಾರ ಎಂಜಿನಿಯರನ್ನು ರೂಪಿಸಲು ಕೊಟ್ಟ ಹಣ ಸುತ್ತಿ ಬಳಸಿ ಕ್ಯಾಮೆರಾ ಹಿಡಿಯುವ ಕೈಗಳನ್ನೂ ತಲುಪಿತು.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ತುಂಬು ಶತಾಯುಷ್ಯದ ಬಳಿಕ, ಅವರು ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ನಮ್ಮ ಮನೆಗಳಿಗೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಎಂದರೆ ಕೆಲವು ಪಾಲಕರು ಸಂಕೋಚಪಡುತ್ತಾರೆ. ಅದು ದಾನ ಬೇಡಿದಂತೆ ಎಂದುಕೊಳ್ಳುತ್ತಾರೆ. ವಿಶ್ವೇಶ್ವರಯ್ಯನವರು ಅದನ್ನು ಪಡೆದೇ ಮುಂದೆ ಬಂದವರು, ಪಡೆದದ್ದನ್ನು ನೂರ್ಮಡಿಯಾಗಿ ತೀರಿಸಿದವರು. ಕನ್ನಡದಲ್ಲಿ ಓದಿದ ಮಗುವಿಗೆ ಹೊರಗಿನ ಊರಿನ ತಾಂತ್ರಿಕ ಕಾಲೇಜು ಒಗ್ಗುವುದಿಲ್ಲ ಎಂಬ ಭಯವೂ ಇದೆ. ಬೇರೆ ಭಾಷೆಯ ಪುಣೆಗೆ ಹೋಗಿ ಮೊದಲಿಗರಾಗಿ ಬಂದವರ ಉದಾಹರಣೆ ನಮ್ಮೆದುರಿಗಿದೆ.

ಎಂಟನೆಯ ತರಗತಿಯಲ್ಲಿ ಬರೆಯುವ ರಾಷ್ಟ್ರೀಯ ಆದಾಯ ಹಾಗೂ ಅರ್ಹತೆ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಇದನ್ನು ಕನ್ನಡದಲ್ಲಿಯೇ ಬರೆಯಬಹುದು. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಐ.ಟಿ.ಐ. ಮುಗಿಸಿದವರು 1961ರ ಶಿಶಿಕ್ಷು ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ಆಯಾ ರಾಜ್ಯಗಳ ಯೋಜನೆಗಳು ಬೇರೆ ಇವೆ. ಎಲ್ಲಕ್ಕೂ ಬೇಕಾದವು ಆದಾಯ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಅಗತ್ಯವಿದ್ದರೆ ಜಾತಿ ಪ್ರಮಾಣಪತ್ರ. ಇವನ್ನು ಫಲಿತಾಂಶ ಬಂದ ಮೇಲೆ ಹುಡುಕಬೇಡಿ. ಮಗು ಎಂಟನೆಯ ತರಗತಿಗೆ ಬಂದ ವರ್ಷವೇ ಮಾಡಿಸಿಡಿ. ನಮೂನೆ ಬೇರೆ ಭಾಷೆಯಲ್ಲಿದ್ದರೆ ಶಾಲೆಗೆ ತನ್ನಿ, ಓದಿ ಹೇಳಲು ನಾವಿದ್ದೇವೆ.

ಈ ಸಲದ ಸೆಪ್ಟೆಂಬರ್ 15ರಂದು ನಮ್ಮ ಶಾಲೆಯಲ್ಲಿ ಭಾಷಣಗಳು ಚಿಕ್ಕವಾಗಿರುತ್ತವೆ. ಮಾಲೆ ಹಾಕಿದ ಬಳಿಕ ಆ ವರ್ಷದ ವಿದ್ಯಾರ್ಥಿವೇತನಗಳ ಹೆಸರು, ಕೊನೆಯ ದಿನಾಂಕ, ಬೇಕಾದ ಕಾಗದಗಳ ಪಟ್ಟಿಯನ್ನು ಪಾಲಕರ ಮುಂದೆ ಗಟ್ಟಿಯಾಗಿ ಓದುತ್ತೇವೆ. ಇತರ ಶಾಲೆಗಳ ಬಂಧುಗಳೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.