ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು

ವಿಜಯಪುರವೆಂದೊಡನೆ ಲೋಕದ ಕಣ್ಣಿಗೆ ಮೊದಲು ತೋರುವುದು ಗೋಲಗುಮ್ಮಟ. ಹದಿನೇಳನೆಯ ಶತಮಾನದಲ್ಲಿ ಮುಹಮ್ಮದ್ ಆದಿಲಶಹನ ಗೋರಿಯ ಮೇಲೆ ಎದ್ದು ನಿಂತ ಆ ಕಟ್ಟಡವು ಅರಸರ ಬೊಕ್ಕಸದ ಬಲದಿಂದಾದುದು. ಅದೇ ನಗರದಲ್ಲಿ ಅರಸೊತ್ತಿಗೆಯಾಗಲಿ ಬೊಕ್ಕಸವಾಗಲಿ ಇಲ್ಲದ ಒಬ್ಬ ವಕೀಲರು ಮತ್ತೊಂದು ಗುಮ್ಮಟವನ್ನು ಕಟ್ಟಿದರು. ಅದು ಶರಣರ ಅನುಭಾವದ ಗುಮ್ಮಟ. ಇಂದು ನಮ್ಮ ಮನೆಮನೆಗಳಲ್ಲಿರುವ ವಚನದ ಹೊತ್ತಗೆಗಳೇ ಅದರ ಕಲ್ಲುಗಳು. ನಾಡವರು ಅವರನ್ನು ವಚನಗುಮ್ಮಟವೆಂದು ಕರೆದುದು ಸಾರ್ಥಕವಾಗಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನ್ಮವೆತ್ತಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ತಾಯಿ ದಾನಾದೇವಿ. ಎಳೆತನದಲ್ಲಿಯೇ ಮಾತೃವಿಯೋಗವು ಒದಗಿತು. ಧಾರವಾಡದ ವಿದ್ಯಾಭ್ಯಾಸವು ಮುಗಿದ ಬಳಿಕ ಅವರು ಮುಂಬಯಿಗೆ ತೆರಳಿ ಉಚ್ಚಶಿಕ್ಷಣವನ್ನು ಪಡೆದು, ಕಾನೂನು ಪದವೀಧರರಾಗಿ ಹಿಂದಿರುಗಿದರು. ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಅನಂತರ ವಿಜಯಪುರಕ್ಕೆ ಬಂದು ನೆಲೆಸಿದರು. ಆ ನಗರವೇ ಅವರ ಕಾಯಕಕ್ಷೇತ್ರವಾಯಿತು.

ಅವರ ಬಾಳಿನ ದಿಕ್ಕನ್ನು ನಿರ್ಣಯಿಸಿದ ಸಂಗತಿಯು ನಡೆದುದು ರಬಕವಿ-ಬನಹಟ್ಟಿಯ ನೆಲದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ನೇಕಾರರ ಊರಿಗೆ ಹೋದಾಗ, ಗೃಹಸ್ಥರೊಬ್ಬರ ಮನೆಯಲ್ಲಿ ಅವರು ವಚನಗಳ ತಾಡವೋಲೆಯ ಕಟ್ಟುಗಳನ್ನು ಕಂಡರು. ಆ ಕಾಲದಲ್ಲಿ ಇಂತಹ ಕಟ್ಟುಗಳು ಅನೇಕ ಭಕ್ತರ ಮನೆಗಳಲ್ಲಿಯೂ ಮಠಗಳಲ್ಲಿಯೂ ಇದ್ದವು. ಭಕ್ತರು ಅವುಗಳಿಗೆ ವಿಭೂತಿ ಪತ್ರಿಗಳನ್ನೇರಿಸಿ ಪೂಜಿಸುತ್ತಿದ್ದರು; ಆದರೆ ಬಿಚ್ಚಿ ಓದುವವರು ವಿರಳ. ಪೂಜೆಯು ನಡೆದಿತ್ತು, ಅರಿವು ಮುಚ್ಚಿತ್ತು. ಗೆದ್ದಲು ತನ್ನ ಕೆಲಸವನ್ನು ಮಾಡುತ್ತಿತ್ತು. ಈ ನಿಧಿಯು ಹೀಗೆಯೇ ಮಣ್ಣುಪಾಲಾದರೆ ಶರಣರ ಮಾತು ಮುಂದಿನ ಪೀಳಿಗೆಗೆ ದಕ್ಕಲಾರದೆಂಬುದನ್ನು ಹಳಕಟ್ಟಿಯವರು ಮನಗಂಡರು. ಅಂದಿನಿಂದ ಊರೂರು ಸುತ್ತಿ, ಓಲೆಗಳನ್ನು ಬೇಡಿ ತಂದು, ಪ್ರತಿಮಾಡಿ, ಪಾಠಗಳನ್ನು ಹೋಲಿಸಿ ನೋಡುವ ಕಾಯಕವನ್ನು ಕೈಕೊಂಡರು. ಅದಕ್ಕೆ ಮೊದಲು ವಿದ್ವಾಂಸರಿಗೆ ತಿಳಿದಿದ್ದ ವಚನಕಾರರ ಸಂಖ್ಯೆ ಸುಮಾರು 50; ಅವರ ಪರಿಶ್ರಮದಿಂದ ಅದು 250ರ ಸಮೀಪಕ್ಕೆ ಏರಿತು.

ಹಸ್ತಪ್ರತಿಯು ಸಿದ್ಧವಾದರೂ ಅಚ್ಚಾಗುವ ಮಾರ್ಗವು ಸುಗಮವಾಗಿರಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದ ಪ್ರತಿಯು ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವು ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನೆಚ್ಚಿ ಇಷ್ಟು ದೊಡ್ಡ ಕಾರ್ಯವು ಸಾಗದೆಂದರಿತು, ತಮ್ಮ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ಶಿವಾನುಭವ ಪತ್ರಿಕೆಯು ಹೊರಟಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯು ಅದರ ಜೊತೆಗೂಡಿತು. ನ್ಯಾಯಾಲಯದಲ್ಲಿ ಗಳಿಸಿದುದು ಮುದ್ರಣಕ್ಕೆ ಸಂದಿತು. ಸ್ವಂತ ಮನೆಯುಳ್ಳವರು ಬಾಡಿಗೆಯ ಮನೆಯವರಾದರು; ಆದರೆ ಶರಣರ ವಾಣಿಗೆ ನೆಲೆ ದೊರೆಯಿತು. ದಾಸೋಹವೆಂದರೆ ಉಳಿದುದನ್ನು ಕೊಡುವುದೆಂದು ತಿಳಿದಿರುವ ನಮಗೆ ಈ ನಡೆಯು ಒಂದು ಪಾಠವಾಗಿದೆ.

ಇಷ್ಟರಿಂದಲೇ ಅವರು ತೃಪ್ತರಾಗಲಿಲ್ಲ. ಓದುಬಲ್ಲವರಿಲ್ಲದಿದ್ದರೆ ಗ್ರಂಥಗಳಿಂದ ಫಲವೇನು? 1910ರಲ್ಲಿಯೇ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಅವರು ಕಾರಣಪುರುಷರಾಗಿದ್ದರು. ಒಕ್ಕಲಿಗರೂ ಸಣ್ಣ ವ್ಯಾಪಾರಿಗಳೂ ಸಾಲದ ಬಾಧೆಯಿಂದ ಪಾರಾಗಲೆಂದು 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ಮೊದಲಾಯಿತು. ನಗರಸಭೆಯಲ್ಲಿಯೂ ಮುಂಬಯಿಯ ಶಾಸನಸಭೆಯಲ್ಲಿಯೂ ಅವರು ಜನಸೇವೆಗೈದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ತನ್ನನ್ನು ತಾನೇ ಗೌರವಿಸಿಕೊಂಡಿತು. ಆದರೆ ಮಾನ ಸಮ್ಮಾನಗಳು ಅವರ ಸರಳವಾದ ಉಡುಗೆಯನ್ನಾಗಲಿ, ದಿನದ ಬರವಣಿಗೆಯನ್ನಾಗಲಿ ಬದಲಿಸಲಿಲ್ಲ.

1964ನೆಯ ಇಸವಿ ಜೂನ್ 29ರಂದು, 84 ವರ್ಷಗಳು ತುಂಬಲು ಮೂರೇ ದಿನಗಳು ಉಳಿದಿರುವಾಗ, ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. ಅವರು ನೆಟ್ಟ ಶಿಕ್ಷಣಸಂಸ್ಥೆಯು ಇಂದು ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ಹೆಮ್ಮರವಾಗಿ ಬೆಳೆದಿದೆ. ಅದರ ಆಶ್ರಯದಲ್ಲಿಯೇ ಅವರ ಹೆಸರಿನ ಸಂಶೋಧನ ಕೇಂದ್ರವು ಅವರ ಬರಹಗಳನ್ನು ಸಂಪುಟಗಳಾಗಿ ಹೊರತಂದಿದೆ.

ಅಂದು ಜಗಲಿಯ ಮೇಲಿದ್ದ ಓಲೆಯ ಕಟ್ಟನ್ನು ಬಿಚ್ಚಿಸುವುದಕ್ಕಾಗಿ ಆ ಮಹನೀಯರು ಮನೆಯನ್ನು ಮಾರಬೇಕಾಯಿತು. ಇಂದು ನಮ್ಮ ಜಗಲಿಯ ಮೇಲೆ ಅಚ್ಚಾದ ಹೊತ್ತಗೆಯಿದೆ. ಅದಕ್ಕೂ ಹೂವೇರಿಸಿ ಕೈಮುಗಿದು ಸುಮ್ಮನಾದರೆ, ಓಲೆಗಳ ಕಾಲವು ಮರಳಿ ಬಂದಂತೆಯೇ ಸರಿ. ಪ್ರತಿದಿನ ಲಿಂಗಪೂಜೆಯ ತರುವಾಯ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಒಂದು ವಚನವನ್ನಾದರೂ ಓದಿ, ಅದರ ಅರ್ಥವನ್ನು ವಿಚಾರಿಸುವ ಮನೆಯೇ ಹಳಕಟ್ಟಿಯವರಿಗೆ ಸಲ್ಲುವ ನಿಜವಾದ ಸ್ಮಾರಕವು.